ವರ್ಷಗಳ ಬಳಿಕ ಮತ್ತೆ ವಿಮಾನದ ಮಾಡೆಲ್ ಕಟ್ಟಲು ಕೂತವರಿಗೆ: ಮೊದಲ ಕಿಟ್ ಮುಗಿಸುವ ಸಮಗ್ರ ಮಾರ್ಗದರ್ಶಿ

ಚಿಕ್ಕಂದಿನಲ್ಲಿ ಪ್ಲಾಸ್ಟಿಕ್ ವಿಮಾನ ಕಟ್ಟಿ, ಆಮೇಲೆ ಓದು, ಕೆಲಸ, ಸಂಸಾರ ಎಂದು ಬಿಟ್ಟು, ಇಪ್ಪತ್ತು ಮೂವತ್ತು ವರ್ಷವಾದ ಮೇಲೆ ಮತ್ತೆ ಕಿಟ್ ಕೈಗೆತ್ತಿಕೊಂಡವರು ಈ ಹವ್ಯಾಸದಲ್ಲಿ ತುಂಬಾ ಜನ ಇದ್ದಾರೆ. ಇವರ ಕಷ್ಟ ಹೊಸಬರ ಕಷ್ಟಕ್ಕಿಂತ ಬೇರೆ. ಈ ನಡುವೆ ಕಣ್ಣು ಬೆಳೆದಿರುತ್ತದೆ. ಅಂತರ್ಜಾಲದಲ್ಲಿ ನೋಡಿದ ಅದ್ಭುತ ಮಾಡೆಲ್‌ಗಳು ಮನಸ್ಸಿನಲ್ಲಿರುತ್ತವೆ, ಎಲ್ಲಿ ಸರಿಯಿಲ್ಲ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಕೈ ಮಾತ್ರ ಹದಿನೈದರ ವಯಸ್ಸಿನಲ್ಲಿ ಬಿಟ್ಟಲ್ಲೇ ಇರುತ್ತದೆ. ಸುಲಭದ ಒಂದು ಕಿಟ್ ತೆಗೆದುಕೊಂಡು ಕೊನೆಯ ಡೆಕಾಲ್‌ವರೆಗೂ (ಗುರುತು, ಸಂಖ್ಯೆಗಳ ಅಂಟಿಸುವ ಚಿತ್ರ) ಬಿಡದೆ ಮುಗಿಸಿದರೆ ಮಾತ್ರ ಈ ಅಂತರ ಕಡಿಮೆಯಾಗುತ್ತದೆ. ಕೆಳಗೆ ಬರೆದದ್ದೆಲ್ಲ ಆ ಮೊದಲ ಕಿಟ್‌ಗಾಗಿ.

ಯಾವ ಕಿಟ್?

ಹಳೆಯ ಕಾಲದಿಂದ ಜೋಪಾನ ಮಾಡಿಟ್ಟ ಕಿಟ್ ಇದ್ದರೆ ಅದರಿಂದಲೇ ಶುರು ಮಾಡೋಣ ಎಂದು ಮನಸ್ಸು ಎಳೆಯುತ್ತದೆ. ದಯವಿಟ್ಟು ಅದನ್ನು ಮೂರನೆಯದೋ ನಾಲ್ಕನೆಯದೋ ಆಗಿ ಇಟ್ಟುಕೊಳ್ಳಿ. 1970ರ ದಶಕದ ಬಹಳಷ್ಟು ಕಿಟ್‌ಗಳಲ್ಲಿ ಪ್ಯಾನೆಲ್ ಗೆರೆಗಳು (ವಿಮಾನದ ಮೈಯ ಲೋಹದ ಹಾಳೆಗಳು ಸೇರುವ ಗೆರೆಗಳು) ಉಬ್ಬಿಕೊಂಡಿರುತ್ತವೆ. ಜೋಡಣೆಯ ಗೆರೆ ಉಜ್ಜುವಾಗ ಅವೂ ಅಳಿಸಿಹೋಗುತ್ತವೆ. ಭಾಗಗಳು ಸರಿಯಾಗಿ ಕೂರುವುದಿಲ್ಲ, ಡೆಕಾಲ್ ಹಳದಿಗಟ್ಟಿರುತ್ತದೆ. ಇಂದಿನ ಒಳ್ಳೆಯ ಕಿಟ್‌ಗಳಲ್ಲಿ ಗೆರೆಗಳು ಕೊರೆದಂತೆ ಒಳಗಿರುತ್ತವೆ, ಕೆಲವು ಭಾಗಗಳಂತೂ ಅಂಟಿಲ್ಲದೆಯೂ ಹಿಡಿದು ನಿಲ್ಲುತ್ತವೆ. ದೂರ ಇದ್ದು ಬಂದವರಿಗೆ ಈ ಬದಲಾವಣೆಯೇ ದೊಡ್ಡ ಸಂತೋಷ. ಅದನ್ನು ಮೊದಲ ಕಿಟ್‌ನಲ್ಲೇ ಅನುಭವಿಸಿ.

ಪೆಟ್ಟಿಗೆಯ ಚಿತ್ರ ಹೊಸದಾಗಿದ್ದರೆ ಒಳಗಿನ ಅಚ್ಚೂ ಹೊಸದು ಎಂದು ನಂಬಬೇಡಿ. ಒಂದೇ ಅಚ್ಚು ಹೊಸ ಹೊಸ ಪೆಟ್ಟಿಗೆಯಲ್ಲಿ ದಶಕಗಟ್ಟಲೆ ಬರುತ್ತಿರುತ್ತದೆ. ಒಂದೇ ಕಂಪನಿಯ ಒಂದೇ ವಿಮಾನಕ್ಕೆ ಎರಡು ಅಚ್ಚು ಇರುವುದೂ ಉಂಟು. ಜಪಾನಿನ ತಮಿಯಾ ಕಂಪನಿಯ 1/48 ಅಳತೆಯ (ನಿಜ ವಿಮಾನದ ನಲವತ್ತೆಂಟನೇ ಒಂದರಷ್ಟು) ಸ್ಪಿಟ್‌ಫೈರ್ ಮಾರ್ಕ್ 1 ಹೀಗೆಯೇ: 61032 ಸಂಖ್ಯೆಯದು 1990ರ ದಶಕದ ಅಚ್ಚು, 61119 ಸಂಖ್ಯೆಯದು 2018ರ ಹೊತ್ತಿಗೆ ಪೂರ್ತಿ ಹೊಸದಾಗಿ ಮಾಡಿದ್ದು. ಸ್ಕೇಲ್‌ಮೇಟ್ಸ್ ಎಂಬ ಉಚಿತ ದತ್ತಾಂಶ ತಾಣದಲ್ಲಿ ಕಿಟ್ ಸಂಖ್ಯೆ ಹಾಕಿದರೆ ಅಚ್ಚು ಯಾವ ವರ್ಷದ್ದು, ಯಾವ ಯಾವ ಪೆಟ್ಟಿಗೆಯಲ್ಲಿ ಬಂದಿದೆ ಎಂಬ ವಂಶಾವಳಿಯೇ ಸಿಗುತ್ತದೆ. ಕೊಳ್ಳುವ ಮುಂಚೆ ನೋಡಿ.

ಅಳತೆಯ ವಿಷಯ. ಸ್ಪಿಟ್‌ಫೈರ್‌ನ ರೆಕ್ಕೆಯ ಅಗಲ 11.23 ಮೀಟರ್. 1/72ರಲ್ಲಿ ಅದು 15.6 ಸೆಂಟಿಮೀಟರ್, 1/48ರಲ್ಲಿ 23.4, 1/32ರಲ್ಲಿ 35. ಜಾಗ ಕಡಿಮೆ ಇದ್ದವರಿಗೆ 1/72 ಒಳ್ಳೆಯದು, ಆದರೆ ಅದರ ಕಾಕ್‌ಪಿಟ್ ನಲವತ್ತು ದಾಟಿದ ಕಣ್ಣಿಗೆ ಪರೀಕ್ಷೆ. ಮರಳಿ ಬಂದವರಿಗೆ ನನ್ನ ಸಲಹೆ 1/48.

ವಿಮಾನ ಎರಡನೇ ಮಹಾಯುದ್ಧದ ಒಂಟಿ ಎಂಜಿನ್‌ನ ಫೈಟರ್ ಆಗಿರಲಿ: ಸ್ಪಿಟ್‌ಫೈರ್, ಮಸ್ಟ್ಯಾಂಗ್, ಝೀರೋ, ಮೆಸ್ಸರ್‌ಶ್ಮಿಟ್ 109, ಯಾವುದಾದರೂ ಸರಿ. ಇರುವುದು ಒಂದೇ ಕಾಕ್‌ಪಿಟ್, ಮೂಗಿನಲ್ಲಿ ಭಾರ ತುಂಬುವ ಗೊಡವೆ ಇಲ್ಲ, ಮಂದ ಬಣ್ಣದ ಕ್ಯಾಮಫ್ಲಾಜ್ ಸಣ್ಣಪುಟ್ಟ ದೋಷಗಳನ್ನು ಮುಚ್ಚಿಕೊಡುತ್ತದೆ. ಎರಡು ಅಂತಸ್ತಿನ ರೆಕ್ಕೆ ಮತ್ತು ತಂತಿಗಳ ಬೈಪ್ಲೇನ್, ಹೊಳೆಯುವ ಬರಿಲೋಹದ ಮೈ, ಬಿಳಿ ಹೊಳಪಿನ ಪ್ರಯಾಣಿಕ ವಿಮಾನ, ಗಾಜಿನ ಮೂಗಿನ ಬಾಂಬರ್ ಇವೆಲ್ಲ ಕಾಯಲಿ. ಬರಿಲೋಹ ಮತ್ತು ಹೊಳಪಿನ ಬಿಳಿ ಒಂದು ಕೂದಲೆಳೆಯಷ್ಟು ಗೀರನ್ನೂ ಎತ್ತಿ ತೋರಿಸುತ್ತವೆ.

ಮೇಜಿನ ಮೇಲೆ ಏನಿರಬೇಕು

ಇಲ್ಲಿ ಕೈ ಬಿಗಿ ಹಿಡಿಯಿರಿ. ಮಾರುಕಟ್ಟೆಯಲ್ಲಿ ಈಗ ಸಾಮಾನು ಎಷ್ಟಿದೆಯೆಂದರೆ, ಕೊಳ್ಳುವುದೇ ಹವ್ಯಾಸವಾಗಿಬಿಡಬಹುದು. ಸ್ಪ್ರೂ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಕತ್ತರಿಸಲು ಚಪ್ಪಟೆ ಅಂಚಿನ ಒಳ್ಳೆಯ ನಿಪ್ಪರ್, ಅಲಗು ಬದಲಿಸಬಹುದಾದ ಕಟರ್, ಮೊನಚಾದ ಚಿಮಟ, 400ರಿಂದ 2000ದವರೆಗಿನ ಸ್ಯಾಂಡ್‌ಪೇಪರ್ ಮತ್ತು ಸ್ಯಾಂಡಿಂಗ್ ಸ್ಪಂಜು, ಮಾಸ್ಕಿಂಗ್ ಟೇಪ್, ಕಟಿಂಗ್ ಮ್ಯಾಟ್. ಇಷ್ಟರಲ್ಲಿ ಮೊದಲ ಕಿಟ್ ಮುಗಿಯುತ್ತದೆ. ಹಣ ಹೆಚ್ಚು ಹಾಕುವುದಾದರೆ ನಿಪ್ಪರ್ ಮೇಲೆ ಹಾಕಿ. ಫೋಟೋ ಎಚ್ (ತೆಳು ತಗಡಿನಲ್ಲಿ ಕೊರೆದ) ಲೋಹದ ಭಾಗ, ರೆಸಿನ್ ಎಂಜಿನ್, 3ಡಿ ಮುದ್ರಿತ ಸೀಟು ಇವು ಯಾವುವೂ ಈಗ ಬೇಡ.

ಹದಿನೈದರಲ್ಲಿ ಬೇಕಿರದ ಎರಡು ವಸ್ತು ಈಗ ಬೇಕು. ಒಂದು, ತಲೆಗೆ ಕಟ್ಟಿಕೊಳ್ಳುವ ಭೂತಗನ್ನಡಿ. ನಾಚಿಕೆ ಬೇಡ, ಬಹುಮಾನ ಗೆಲ್ಲುವವರೂ ಹಾಕಿಕೊಳ್ಳುತ್ತಾರೆ. ಇನ್ನೊಂದು, ಹಗಲಿನ ಬೆಳಕಿನಂಥ ಬಿಳಿ ಎಲ್‌ಇಡಿ ದೀಪ. ಹಳದಿ ಬೆಳಕಿನಲ್ಲಿ ಹಚ್ಚಿದ ಬಣ್ಣ ಬೆಳಗ್ಗೆ ಬೇರೆಯಾಗಿಯೇ ಕಾಣುತ್ತದೆ.

ಗಾಳಿಯಾಡುವ ಜಾಗ ಕಡ್ಡಾಯ. ಅಂಟು ಮತ್ತು ಥಿನ್ನರ್‌ನ ಆವಿ ಮುಚ್ಚಿದ ಕೋಣೆಯಲ್ಲಿ ಉಳಿಯಬಾರದು. ಲ್ಯಾಕರ್ ಸಿಂಪಡಿಸುವುದಾದರೆ ಸಾವಯವ ಆವಿ ತಡೆಯುವ ಕಾರ್ಟ್ರಿಜ್‌ನ ಮಾಸ್ಕ್ ಬೇಕು. ಬಟ್ಟೆಯ ಮಾಸ್ಕ್, ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

ಕತ್ತರಿಸುವುದು, ಕಾಕ್‌ಪಿಟ್ ಮುಗಿಸುವುದು

ಮೊದಲ ದಿನ ಸೂಚನಾ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಒಂದೇ ಕಿಟ್‌ನಲ್ಲಿ ಎರಡು ಮೂರು ಆವೃತ್ತಿಗೆ ಬೇಕಾದ ಭಾಗಗಳಿರುತ್ತವೆ. ಯಾವ ಗುರುತಿನ ವಿಮಾನ ಕಟ್ಟುತ್ತೀರಿ ಎಂದು ಈಗಲೇ ತೀರ್ಮಾನಿಸಿ, ಬೇಡದ ಹಂತಗಳನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿ. ಸ್ಪ್ರೂಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಸಾಬೂನು ಹಾಕಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಸವರಿದ ಎಣ್ಣೆಯಂಶ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಭಾಗವನ್ನು ಎರಡು ಸಲ ಕತ್ತರಿಸಬೇಕು. ಮೊದಲು ಸ್ಪ್ರೂ ಕಡೆಗೆ ಸ್ವಲ್ಪ ಗೇಟು (ಭಾಗವನ್ನು ಸ್ಪ್ರೂಗೆ ಹಿಡಿದಿಡುವ ಸಣ್ಣ ಕಡ್ಡಿ) ಬಿಟ್ಟು, ಆಮೇಲೆ ಉಳಿದ ತುಂಡನ್ನು ಭಾಗದ ಹತ್ತಿರ. ಒಂದೇ ಸಲಕ್ಕೆ ಒತ್ತಿ ಕತ್ತರಿಸಿದರೆ ಪ್ಲಾಸ್ಟಿಕ್ ಬಿಳಿಚಿಕೊಂಡು ಭಾಗದಲ್ಲಿ ಕುಳಿ ಬೀಳುತ್ತದೆ. ಬೇಕಾದಾಗ ಮಾತ್ರ ಕತ್ತರಿಸಿ. ಸ್ಪ್ರೂ ಮೇಲಿದ್ದರೆ ಸಂಖ್ಯೆ ಇರುತ್ತದೆ, ಮೇಜಿನ ಮೇಲೆ ಬಿದ್ದ ಭಾಗಕ್ಕೆ ಇರುವುದಿಲ್ಲ.

ಕಾಕ್‌ಪಿಟ್‌ಗೆ ಬಣ್ಣ ಹಚ್ಚಿ ಮುಗಿಸಿದ ಮೇಲೆಯೇ ಒಡಲಿನ ಎರಡು ಹೋಳುಗಳನ್ನು ಸೇರಿಸಬೇಕು. ಮೂಲ ಬಣ್ಣ, ಅದರ ಮೇಲೆ ಕಡುಬಣ್ಣದ ತೆಳು ವಾಶ್ (ತಗ್ಗುಗಳಲ್ಲಿ ಹರಿದು ನಿಲ್ಲುವ ನೀರಾದ ಬಣ್ಣ), ಒಣಗಿದ ಮೇಲೆ ಬಹುತೇಕ ಒರೆಸಿದ ಕುಂಚದಿಂದ ಉಬ್ಬಿದ ಅಂಚುಗಳಿಗೆ ತಿಳಿಬಣ್ಣ. ಸೀಟಿನ ಬೆಲ್ಟಿನ ಮೇಲೆ ಸಮಯ ಹಾಕಿ. ಮುಚ್ಚಿದ ಕ್ಯಾನೊಪಿಯೊಳಗೆ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ) ಕಣ್ಣಿಗೆ ಬೀಳುವುದು ಸೀಟು, ಬೆಲ್ಟು ಮತ್ತು ಸಲಕರಣೆ ಫಲಕದ ಮೇಲಂಚು ಮಾತ್ರ. ಪಕ್ಕದ ಗೋಡೆಗಳಿಗೆ ವಾರಗಟ್ಟಲೆ ಹಾಕಿದ ಶ್ರಮ ಒಡಲು ಮುಚ್ಚಿದ ಕ್ಷಣ ಕತ್ತಲೆ ಸೇರುತ್ತದೆ.

ಅಂಟು: ಹಳೆಯ ಅಭ್ಯಾಸ ಬಿಡಬೇಕಾದ ಜಾಗ

ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಟ್ಯೂಬಿನ ಗಟ್ಟಿ ಅಂಟಿನಲ್ಲಿ. ಹೋಳುಗಳ ಅಂಚಿಗೆ ಸವರಿ, ಒತ್ತಿ, ಎಳೆ ಎಳೆಯಾಗಿ ಹೊರಬಂದದ್ದನ್ನು ಬೆರಳಿನಿಂದ ಒರೆಸುತ್ತಿದ್ದೆವು. ಈಗ ಎಲ್ಲರೂ ಬಳಸುವುದು ನೀರಿನಷ್ಟು ತೆಳುವಾದ ಸಿಮೆಂಟ್. ತಮಿಯಾದ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್ ಹೆಚ್ಚು ಪರಿಚಿತ. ಅದರಲ್ಲಿರುವುದು ಬ್ಯೂಟೈಲ್ ಅಸಿಟೇಟ್ ಮತ್ತು ಅಸಿಟೋನ್. ಅದು ಎರಡು ಮೇಲ್ಮೈಗಳನ್ನೂ ಕರಗಿಸಿ ಒಂದನ್ನೊಂದು ಬೆಸೆಯುತ್ತದೆ, ದ್ರಾವಕ ಆವಿಯಾದ ಮೇಲೆ ಉಳಿಯುವುದು ಬರೀ ಪ್ಲಾಸ್ಟಿಕ್.

ಇದನ್ನು ಬಳಸುವ ಕ್ರಮವೇ ತಿರುಗುಮುರುಗು. ಮೊದಲು ಅಂಟಿಲ್ಲದೆ ಹೋಳುಗಳನ್ನು ಜೋಡಿಸಿ ನೋಡಿ. ಎಲ್ಲಾದರೂ ತಡೆದರೆ ಒಳಗಿನ ಕಾಕ್‌ಪಿಟ್ ಅಂಚನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ. ಸರಿಯಾಗಿ ಕೂತ ಮೇಲೆ ಟೇಪಿನ ಸಣ್ಣ ತುಂಡುಗಳಿಂದ ಅಲ್ಲಲ್ಲಿ ಬಿಗಿದು, ಮುಚ್ಚಳದ ಕುಂಚದ ತುದಿಯನ್ನು ಗೆರೆಗೆ ತಾಗಿಸಿ. ದ್ರಾವಣ ತಾನಾಗಿ ಬಿರುಕಿನೊಳಗೆ ಓಡುತ್ತದೆ. ಕುಂಚವನ್ನು ಎಳೆದಾಡುವ ಅಗತ್ಯವಿಲ್ಲ. ಎರಡು ಮೂರು ಸೆಂಟಿಮೀಟರ್ ಆದ ಮೇಲೆ, ಅಂಟು ಹಾಕಿದ ಜಾಗದ ಎರಡೂ ಬದಿ ಹಿಡಿದು ಮೆಲ್ಲಗೆ ಒತ್ತಿ. ಗೆರೆಯುದ್ದಕ್ಕೂ ಕರಗಿದ ಪ್ಲಾಸ್ಟಿಕ್ ದಾರದಷ್ಟು ಸಣ್ಣಗೆ ಉಬ್ಬಿ ಬರಬೇಕು. ಹಾಗೆ ಬಂದರೆ ಬಿರುಕು ಪೂರ್ತಿ ತುಂಬಿತು ಎಂದರ್ಥ. ಇನ್ನು ಒರೆಸಬೇಡಿ, ಮುಟ್ಟಬೇಡಿ, ಒಂದು ರಾತ್ರಿ ಬಿಡಿ. ಮರುದಿನ ಆ ಉಬ್ಬನ್ನು ಉಜ್ಜಿದರೆ ಬಹುಪಾಲು ಪುಟ್ಟಿಯೇ ಬೇಡವಾಗುತ್ತದೆ.

ಎಚ್ಚರ ಒಂದೇ: ಗೆರೆಯ ಮೇಲೆ ಬೆರಳು ಇಟ್ಟಿದ್ದರೆ ದ್ರಾವಣ ಬೆರಳಿನಡಿಗೂ ಹರಿದು ರೆಕ್ಕೆಯ ಮೇಲೆ ನಿಮ್ಮ ಬೆರಳಚ್ಚು ಶಾಶ್ವತವಾಗುತ್ತದೆ. ಟೇಪಿನ ಅಡಿಗೂ ಹೀಗೆಯೇ ಹರಿಯುತ್ತದೆ, ಆದ್ದರಿಂದ ಟೇಪ್ ಇರುವಲ್ಲಿ ಅಂಟು ತಾಗಿಸದೆ ಬಿಟ್ಟು, ಟೇಪ್ ತೆಗೆದ ಮೇಲೆ ಅಲ್ಲಿಗೆ ಹಾಕಿ. ಬಣ್ಣ ಹಚ್ಚಿದ ಅಂಚಿನಲ್ಲಿ ಈ ಸಿಮೆಂಟ್ ಹಿಡಿಯುವುದಿಲ್ಲ, ಬಣ್ಣ ಕೆರೆದು ತೆಗೆಯಬೇಕು. ಲೋಹ, ರೆಸಿನ್‌ಗಳಿಗೂ ಇದು ಆಗದು, ಅವಕ್ಕೆ ಸೂಪರ್ ಗ್ಲೂ.

ರೆಕ್ಕೆ ಒಡಲಿಗೆ ಸೇರುವ ಮೂಲೆಯ ಸಂದು ಎಲ್ಲ ಕಿಟ್‌ಗಳ ತಲೆನೋವು. ಅಲ್ಲಿ ಪುಟ್ಟಿ ತುಂಬಿದರೆ ಉಜ್ಜಲು ಜಾಗವಿರುವುದಿಲ್ಲ, ಸುತ್ತಲಿನ ಗೆರೆಗಳೂ ಹಾಳು. ಸಂದು ಹುಟ್ಟದಂತೆ ನೋಡಿಕೊಳ್ಳುವುದೇ ಉಪಾಯ. ಒಡಲು ಮುಚ್ಚಿದ ಮೇಲೆ ರೆಕ್ಕೆಯನ್ನು ಅಂಟಿಲ್ಲದೆ ಕೂರಿಸಿ ನೋಡಿ. ಸಂದು ಕಂಡರೆ ಒಡಲಿನ ಒಳಗೆ, ರೆಕ್ಕೆ ಕೂರುವ ಅಗಲದಲ್ಲಿ, ಸ್ಪ್ರೂವಿನ ಸಣ್ಣ ತುಂಡೊಂದನ್ನು ಅಡ್ಡಲಾಗಿ ಸಿಕ್ಕಿಸಿ ಒಡಲನ್ನು ಕೂದಲೆಳೆಯಷ್ಟು ಅಗಲಿಸಿ. ಅಥವಾ ಒಂದು ರೆಕ್ಕೆ ತುದಿಯಿಂದ ಇನ್ನೊಂದಕ್ಕೆ ಒಡಲಿನ ಮೇಲಿಂದ ಟೇಪ್ ಎಳೆದು ಕಟ್ಟಿ. ರೆಕ್ಕೆಗಳು ಸ್ವಲ್ಪ ಮೇಲೆದ್ದು ಸಂದು ಮುಚ್ಚುತ್ತದೆ. ಆ ಸ್ಥಿತಿಯಲ್ಲೇ ಅಂಟು ಹರಿಸಿ, ಎದುರಿನಿಂದ ನೋಡಿ ಎರಡೂ ರೆಕ್ಕೆಯ ಏರು ಸಮ ಇದೆಯೇ, ಬಾಲದ ಅಡ್ಡರೆಕ್ಕೆ ಓರೆಯಾಗಿಲ್ಲವೇ ಎಂದು ಖಚಿತಪಡಿಸಿಕೊಂಡು ಒಣಗಲು ಬಿಡಿ.

ಉಳಿದ ಸಣ್ಣ ಬಿರುಕಿಗೆ ಮಿಸ್ಟರ್ ಸರ್ಫೇಸರ್ 500 ಎಂಬ ದಪ್ಪ ದ್ರವ ಪ್ರೈಮರ್ ಸಾಕು, ಆಳವಾದದ್ದಕ್ಕೆ ಸೂಪರ್ ಗ್ಲೂಗೆ ಟಾಲ್ಕಂ ಪೌಡರ್ ಕಲಸಿ ತುಂಬಿ. ಸಾಮಾನ್ಯ ಪುಟ್ಟಿ ಒಣಗಿದಂತೆ ಕುಗ್ಗುತ್ತದೆ, ಸೂಪರ್ ಗ್ಲೂ ಕುಗ್ಗುವುದಿಲ್ಲ. ಆದರೆ ಅದನ್ನು ಬೇಗ ಉಜ್ಜಿಬಿಡಬೇಕು, ದಿನ ಕಳೆದರೆ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗುತ್ತದೆ. 400, 600, 1000 ಎಂದು ಕ್ರಮವಾಗಿ, ಒಡಲಿನ ದುಂಡಿಗೆ ತಕ್ಕಂತೆ ಸ್ಪಂಜನ್ನು ಬಳಸಿ ಉಜ್ಜಿ. ಗಟ್ಟಿ ಪಟ್ಟಿಯಿಂದ ಉಜ್ಜಿದರೆ ಒಡಲಿನ ಬೆನ್ನು ಚಪ್ಪಟೆಯಾಗುತ್ತದೆ. ಕೊನೆಗೆ ಗೆರೆಯ ಮೇಲೆ ಬೆಳ್ಳಿ ಬಣ್ಣ ಎಳೆದು ದೀಪಕ್ಕೆ ಓರೆಯಾಗಿ ಹಿಡಿಯಿರಿ. ಉಳಿದ ದೋಷವೆಲ್ಲ ಎದ್ದು ಕಾಣುತ್ತದೆ.

ಕ್ಯಾನೊಪಿ

ಪಾರದರ್ಶಕ ಭಾಗಗಳ ಹತ್ತಿರ ಸೂಪರ್ ಗ್ಲೂ ತರಲೇಬೇಡಿ, ಅದರ ಆವಿಯೇ ಗಾಜನ್ನು ಮಬ್ಬು ಮಾಡುತ್ತದೆ. ಪಿವಿಎ ಬಿಳಿ ಅಂಟು ಸಾಕು. ಒಣಗಿದರೆ ಪಾರದರ್ಶಕ, ಹೆಚ್ಚಾದರೆ ಒದ್ದೆ ಬಟ್ಟೆಯಿಂದ ಒರೆಸಬಹುದು. ಚೌಕಟ್ಟಿನ ನಡುವಿನ ಗಾಜಿಗೆ ಮಾಸ್ಕ್ ಹಾಕುವ ಕೆಲಸ ಹಿಂದೆ ಒಂದು ಸಂಜೆ ತಿನ್ನುತ್ತಿತ್ತು. ಈಗ ಬಹುತೇಕ ಪ್ರಸಿದ್ಧ ಕಿಟ್‌ಗಳಿಗೆ ಕತ್ತರಿಸಿಟ್ಟ ಮಾಸ್ಕ್ ಸಿಗುತ್ತದೆ. ಮೊದಲ ಕಿಟ್‌ಗೆ ಕೊಳ್ಳಬಹುದಾದ ಒಂದೇ ಹೆಚ್ಚುವರಿ ವಸ್ತು ಎಂದರೆ ನಾನು ಇದನ್ನೇ ಹೇಳುತ್ತೇನೆ. ಹೊರಬಣ್ಣಕ್ಕೆ ಮುಂಚೆ ಚೌಕಟ್ಟಿಗೆ ಕಾಕ್‌ಪಿಟ್‌ನ ಒಳಬಣ್ಣ ಹಚ್ಚಿ. ಒಳಗಿನಿಂದ ನೋಡಿದಾಗ ಅದೇ ಕಾಣುತ್ತದೆ.

ಬಣ್ಣ: ಯಾವುದಕ್ಕೆ ಯಾವ ಥಿನ್ನರ್

ಹಿಂದೆ ಹಂಬ್ರೋಲ್‌ನ ಪುಟ್ಟ ಡಬ್ಬಿಯ ಎನಾಮಲ್ ಒಂದೇ ಇದ್ದಂತಿತ್ತು. ಈಗ ಕಪಾಟು ತುಂಬ ಬಣ್ಣ, ಹಾಗಾಗಿ ಗೊಂದಲವೂ ಹೆಚ್ಚು. ಮೂರು ಕುಟುಂಬ ನೆನಪಿಡಿ. ಲ್ಯಾಕರ್ (ಮಿಸ್ಟರ್ ಕಲರ್‌ನಂಥವು) ಬೇಗ ಒಣಗಿ ಗಟ್ಟಿಯಾಗಿ ಹಿಡಿಯುತ್ತದೆ, ವಾಸನೆ ತೀವ್ರ. ಎನಾಮಲ್ ನಿಧಾನ, ಕುಂಚಕ್ಕೆ ಚೆನ್ನ. ಅಕ್ರಿಲಿಕ್‌ನಲ್ಲಿ ಎರಡು ಬಗೆ: ವಲೇಹೊನಂಥ ನೀರಿನ ಬಣ್ಣ, ಮತ್ತು ತಮಿಯಾದ ಆಲ್ಕೊಹಾಲ್ ಆಧಾರದ ಬಣ್ಣ. ಈ ಕೊನೆಯದಕ್ಕೆ ಲ್ಯಾಕರ್ ಥಿನ್ನರ್ ಹಾಕಿದರೂ ಸೊಗಸಾಗಿ ಕೂರುತ್ತದೆ. ಅದೇ ಥಿನ್ನರನ್ನೋ ಆಲ್ಕೊಹಾಲನ್ನೋ ವಲೇಹೊಗೆ ಹಾಕಿದರೆ ಬಟ್ಟಲಿನಲ್ಲೇ ಗಂಟುಗಂಟಾಗಿ ಹೆಪ್ಪುಗಟ್ಟುತ್ತದೆ. ಅಂಗಡಿಯಲ್ಲಿ ಬಾಟಲಿಯ ಮೇಲಿನ ಸಂಖ್ಯೆ ಎರಡು ಸಲ ಓದಿ: ತಮಿಯಾದ ಎಕ್ಸ್-20 ಎನಾಮಲ್‌ನ ಥಿನ್ನರ್, ಎಕ್ಸ್-20ಎ ಅಕ್ರಿಲಿಕ್‌ನದು. ಒಂದೇ ಅಕ್ಷರದ ವ್ಯತ್ಯಾಸ, ಆದರೆ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಪದರಗಳ ಕ್ರಮಕ್ಕೂ ಕಾರಣ ಇದೇ. ತೀಕ್ಷ್ಣ ದ್ರಾವಕದ್ದು ಕೆಳಗೆ, ಸೌಮ್ಯದ್ದು ಮೇಲೆ: ಲ್ಯಾಕರ್ ಪ್ರೈಮರ್, ಅದರ ಮೇಲೆ ಅಕ್ರಿಲಿಕ್, ಎಲ್ಲಕ್ಕಿಂತ ಮೇಲೆ ಎನಾಮಲ್ ವಾಶ್. ಎನಾಮಲ್ ಮೇಲೆ ಲ್ಯಾಕರ್ ಸಿಂಪಡಿಸಿದರೆ ಕೆಳಗಿನದು ಸುಕ್ಕುಗಟ್ಟಿ ಏಳುತ್ತದೆ.

ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಇಲ್ಲದೆ ಮೊದಲ ಕಿಟ್ ಮುಗಿಸಬಹುದೇ? ಧಾರಾಳವಾಗಿ. ನೀರಿನ ಅಕ್ರಿಲಿಕ್ ಅನ್ನು ತೆಳು ಮಾಡಿ, ಅಗಲ ಮೃದು ಕುಂಚದಿಂದ ಮೂರು ನಾಲ್ಕು ಪದರ ಹಚ್ಚಿದರೆ ನಿರಾಸೆಯಾಗದು. ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಬೇಡ, ಒಣಗುತ್ತಿರುವ ಜಾಗಕ್ಕೆ ಮತ್ತೆ ಕುಂಚ ತಾಗಿಸಬೇಡಿ.

ಏರ್‌ಬ್ರಷ್ ಕೊಳ್ಳುವುದಾದರೆ 0.3 ಮಿಲಿಮೀಟರ್ ನಾಜಲ್‌ನ ಡಬಲ್ ಆಕ್ಷನ್ (ಒಂದೇ ಗುಂಡಿಯಿಂದ ಗಾಳಿ, ಬಣ್ಣ ಎರಡನ್ನೂ ಹಿಡಿತದಲ್ಲಿಡುವ ಬಗೆ), ಜೊತೆಗೆ ಟ್ಯಾಂಕ್, ಒತ್ತಡ ನಿಯಂತ್ರಕ ಮತ್ತು ತೇವ ಹಿಡಿಯುವ ಟ್ರ್ಯಾಪ್ ಇರುವ ಕಂಪ್ರೆಸರ್. ಟ್ಯಾಂಕ್ ಇಲ್ಲದಿದ್ದರೆ ಗಾಳಿ ಮಿಡಿಯುತ್ತ ಬರುತ್ತದೆ. ಬಣ್ಣ ಹಾಲಿನ ಹದಕ್ಕೆ ಬರಲಿ. ತಮಿಯಾ ಅಕ್ರಿಲಿಕ್‌ಗೆ ಸಮಪಾಲು ಥಿನ್ನರ್‌ನಿಂದ ಶುರು ಮಾಡಿ, ಒತ್ತಡ 15ರಿಂದ 20 ಪಿಎಸ್‌ಐ. ಮಾಡೆಲ್ ಮೇಲೆ ಸಿಂಪಡಿಸುವ ಮುಂಚೆ ಹಳೆಯ ಪ್ಲಾಸ್ಟಿಕ್ ಚಮಚದ ಮೇಲೆ ಅಭ್ಯಾಸ ಮಾಡಿ. ಬಣ್ಣ ಜೇಡರ ಬಲೆಯಂತೆ ಕವಲೊಡೆದರೆ ಅದು ತೀರಾ ತೆಳು ಅಥವಾ ಒತ್ತಡ ಹೆಚ್ಚು. ಮರಳಿನಂತೆ ಒರಟಾಗಿ ಕೂತರೆ ಹಾರುವಾಗಲೇ ಒಣಗುತ್ತಿದೆ, ಹತ್ತಿರ ಹೋಗಿ ಅಥವಾ ಥಿನ್ನರ್ ಹೆಚ್ಚಿಸಿ. ಪ್ರತಿ ಬಣ್ಣದ ನಂತರ ತೊಳೆಯುವುದು ಸಿಂಪಡಿಸುವಷ್ಟೇ ಮುಖ್ಯ ಕೆಲಸ. ಏರ್‌ಬ್ರಷ್ ಬಗ್ಗೆ ಬರುವ ದೂರುಗಳಲ್ಲಿ ಮುಕ್ಕಾಲು ಒಣಗಿದ ಬಣ್ಣದ್ದೇ.

ತಿಳಿಬಣ್ಣ ಮೊದಲು, ಕಡುಬಣ್ಣ ಆಮೇಲೆ. ರೆಕ್ಕೆಯ ಮುಂದಂಚಿನ ಹಳದಿ ಪಟ್ಟಿಯಂಥದ್ದಕ್ಕೆ ಬಿಳಿಯ ತಳ ಹಾಕಿ, ಹಳದಿ ಹಚ್ಚಿ, ಮಾಸ್ಕ್ ಮಾಡಿ, ನಂತರ ಹೊಟ್ಟೆಯ ಬಣ್ಣ, ಕೊನೆಗೆ ಬೆನ್ನಿನ ಕ್ಯಾಮಫ್ಲಾಜ್.

ಡೆಕಾಲ್

ಮಾಡೆಲ್ ಗೆಲ್ಲುವುದೂ ಸೋಲುವುದೂ ಇಲ್ಲಿ. ಚಿಕ್ಕಂದಿನ ಮಾಡೆಲ್‌ಗಳಲ್ಲಿ ಡೆಕಾಲ್ ಸುತ್ತ ಬೆಳ್ಳಿಯಂತೆ ಹೊಳೆಯುತ್ತಿದ್ದ ಅಂಚು ನೆನಪಿರಬಹುದು. ಮ್ಯಾಟ್ ಬಣ್ಣದ ಮೇಲ್ಮೈ ಸೂಕ್ಷ್ಮವಾಗಿ ಒರಟಾಗಿರುತ್ತದೆ. ಆ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು ಬೆಳಕು ಚದುರಿ ಹಾಗೆ ಕಾಣುತ್ತದೆ. ಅದಕ್ಕೇ ಡೆಕಾಲ್‌ಗೆ ಮುಂಚೆ ಇಡೀ ವಿಮಾನಕ್ಕೆ ಗ್ಲಾಸ್ ಕೋಟ್ (ಹೊಳಪಿನ ಪಾರದರ್ಶಕ ಪದರ) ಹಾಕಬೇಕು, ಉದಾಹರಣೆಗೆ ತಮಿಯಾ ಎಕ್ಸ್-22. ನೆಲ ಹೊಳಪಿಸುವ ದ್ರವವನ್ನೇ ಇದಕ್ಕೆ ಬಳಸುತ್ತಿದ್ದವರು ಅದನ್ನು ಮತ್ತೆ ಹುಡುಕುವ ಅಗತ್ಯವಿಲ್ಲ. ಈ ಕೆಲಸಕ್ಕೆಂದೇ ಮಾಡಿದ ಗ್ಲಾಸ್‌ಗಳು ಈಗ ಬೇಕಾದಷ್ಟಿವೆ. ಒಂದು ದಿನ ಪೂರ್ತಿ ಒಣಗಲಿ.

ಡೆಕಾಲನ್ನು ಪಟ್ಟಿಯಿಂದ ಕತ್ತರಿಸಿ ಬೆಚ್ಚಗಿನ ನೀರಿನಲ್ಲಿ ಹತ್ತು ಸೆಕೆಂಡ್ ಅದ್ದಿ, ತೆಗೆದು ಒದ್ದೆ ಬಟ್ಟೆಯ ಮೇಲಿಡಿ. ನೀರಿನಲ್ಲೇ ತೇಲಲು ಬಿಟ್ಟರೆ ಅಂಟು ತೊಳೆದುಹೋಗುತ್ತದೆ. ಒಂದು ನಿಮಿಷದಲ್ಲಿ ಕಾಗದದ ಮೇಲೆ ಜಾರಲು ಶುರುವಾಗುತ್ತದೆ. ಕೂರಿಸುವ ಜಾಗಕ್ಕೆ ಡೆಕಾಲ್ ಹಿಡಿಯಲು ನೆರವಾಗುವ ಮೈಕ್ರೋ ಸೆಟ್ ದ್ರವ ಸವರಿ, ಕಾಗದವನ್ನು ಅಲ್ಲಿಗೇ ಒಯ್ದು ಕುಂಚದಿಂದ ಡೆಕಾಲನ್ನು ಜಾರಿಸಿ, ಜಾಗ ಸರಿಮಾಡಿ. ಒದ್ದೆ ಹತ್ತಿಯ ಕಡ್ಡಿಯನ್ನು ನಡುವಿನಿಂದ ಅಂಚಿಗೆ ಉರುಳಿಸುತ್ತ ನೀರು ಹೊರಡಿಸಿ. ಕೊನೆಗೆ, ಡೆಕಾಲನ್ನು ಮೆತ್ತಗೆ ಮಾಡುವ ಮೈಕ್ರೋ ಸಾಲ್ ಒಂದು ತೆಳು ಪದರ. ನಿಮಿಷ ಕಳೆಯುವುದರೊಳಗೆ ಡೆಕಾಲ್ ಸುಕ್ಕುಸುಕ್ಕಾಗುತ್ತದೆ. ಗಾಬರಿಯಾಗಿ ಮುಟ್ಟಿದರೆ ಹರಿಯುತ್ತದೆ. ಕೈ ಹಿಂದಕ್ಕೆ ತೆಗೆದುಕೊಂಡು ಎದ್ದುಹೋಗಿ. ಒಣಗುತ್ತ ಸುಕ್ಕು ತಾನಾಗಿ ಬಿಗಿದು, ಪ್ಯಾನೆಲ್ ಗೆರೆಗಳೊಳಗೆ ಇಳಿದು, ಬಣ್ಣ ಬಳಿದಂತೆಯೇ ಕಾಣುತ್ತದೆ. ಎಲ್ಲಾದರೂ ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಮತ್ತೊಂದು ಹನಿ ಸಾಲ್.

ಮುಂದೆಂದಾದರೂ ಹಳೆಯ ಕಿಟ್ ತೆರೆದಾಗ ಇದೂ ನೆನಪಿರಲಿ: ಹಳದಿಗಟ್ಟಿದ ಡೆಕಾಲ್ ಹಾಳೆಯನ್ನು ಪಾರದರ್ಶಕ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಗೆ ಕೆಲವು ವಾರ ಅಂಟಿಸಿದರೆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ಬೇಡದ ಡೆಕಾಲೊಂದನ್ನು ಮೊದಲು ನೀರಿಗೆ ಹಾಕಿ ನೋಡಿ. ಚೂರುಚೂರಾದರೆ, ಉಳಿದ ಹಾಳೆಗೆ ಮೈಕ್ರೋಸ್ಕೇಲ್‌ನ ಲಿಕ್ವಿಡ್ ಡೆಕಾಲ್ ಫಿಲ್ಮ್ ಸವರಿ ಉಳಿಸಿಕೊಳ್ಳಬಹುದು. ಆಗ ಪ್ರತಿ ಡೆಕಾಲನ್ನೂ ಅಂಚು ಹಿಡಿದು ಕತ್ತರಿಸಬೇಕು.

ವಾಶ್, ಮ್ಯಾಟ್, ಕೊನೆಯ ಭಾಗಗಳು

ಡೆಕಾಲ್ ಮೇಲೆ ಇನ್ನೊಂದು ಗ್ಲಾಸ್ ಪದರ ಹಾಕಿ, ಎನಾಮಲ್ ವಾಶ್ ಅನ್ನು ಪ್ಯಾನೆಲ್ ಗೆರೆಗೆ ತಾಗಿಸಿ. ಗೆರೆಯುದ್ದಕ್ಕೂ ಓಡುತ್ತದೆ. ಅರ್ಧ ಗಂಟೆ ಬಿಟ್ಟು, ಎನಾಮಲ್ ಥಿನ್ನರ್‌ನಲ್ಲಿ ತೇವ ಮಾಡಿದ ಹತ್ತಿಯಿಂದ ಗಾಳಿ ಹರಿಯುವ ದಿಕ್ಕಿಗೆ ಒರೆಸಿ. ಕಪ್ಪು ವಾಶ್ ತಿಳಿಬಣ್ಣದ ಮೇಲೆ ಕಟುವಾಗಿ ಕಾಣುತ್ತದೆ, ಕಡುಕಂದು ಅಥವಾ ಬೂದು ವಾಸಿ. ಬಣ್ಣ ಕಿತ್ತ ಗುರುತು, ಎಕ್ಸಾಸ್ಟ್ ಮಸಿ ಬೇಕಿದ್ದರೆ ಆ ವಿಮಾನದ ನಿಜ ಫೋಟೋ ಎದುರಿಗಿಟ್ಟುಕೊಂಡು, ಬೇಕೆನಿಸಿದ ಅರ್ಧದಷ್ಟೇ ಮಾಡಿ. ನಂತರ ಮ್ಯಾಟ್ ಕೋಟ್. ಡೆಕಾಲ್, ಬಣ್ಣ, ವಾಶ್ ಎಲ್ಲವೂ ಒಂದೇ ಮೈಯಾಗುವುದು ಈ ಪದರದಲ್ಲಿ, ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟದ ಘಳಿಗೆ ಇದೇ.

ಚಕ್ರ, ಬಂದೂಕಿನ ಕೊಳವೆ, ಪಿಟೋ ನಳಿಕೆ (ವೇಗ ಅಳೆಯುವ ಸಣ್ಣ ಕೊಳವೆ), ಪ್ರೊಪೆಲರ್ ಇವನ್ನು ಈಗ ಅಂಟಿಸಿ. ಮೊದಲೇ ಅಂಟಿಸಿದರೆ ಮುರಿಯುವುದು ಖಂಡಿತ. ಆಂಟೆನಾ ತಂತಿಗೆ ಹಳೆಯ ವಿದ್ಯೆ ಇಂದಿಗೂ ಸಲ್ಲುತ್ತದೆ: ಸ್ಪ್ರೂ ತುಂಡನ್ನು ಮೇಣದ ಬತ್ತಿಯ ಜ್ವಾಲೆಗೆ ತಾಗದಂತೆ ಮೇಲೆ ಹಿಡಿದು ತಿರುಗಿಸಿ, ಮೆತ್ತಗಾದಾಗ ಜ್ವಾಲೆಯಿಂದ ಆಚೆ ತಂದು ಎಳೆಯಿರಿ. ಥಿನ್ನರ್, ಅಂಟಿನ ಬಾಟಲಿಗಳೆಲ್ಲ ಆಗ ಬೇರೆ ಕೋಣೆಯಲ್ಲಿರಲಿ. ಪದೇಪದೇ ಕೈ ತಗಲುವ ಜಾಗದಲ್ಲಿ ಇಡುವ ಮಾಡೆಲ್ ಆದರೆ ಸ್ಪ್ರೂ ಬದಲು ಹಿಗ್ಗುವ ಎಲಾಸ್ಟಿಕ್ ದಾರ ಬಳಸಿ. ಕ್ಯಾನೊಪಿಯ ಮಾಸ್ಕ್ ತೆಗೆಯುವುದು ಎಲ್ಲಕ್ಕಿಂತ ಕೊನೆಯಲ್ಲಿ. ಚೌಕಟ್ಟಿನಲ್ಲಿ ಬಣ್ಣ ಸೋರಿದ್ದರೆ ಮೊನೆ ಕತ್ತರಿಸಿದ ಹಲ್ಲುಕಡ್ಡಿಯಿಂದ ಕೆರೆಯಿರಿ. ಗಾಜಿನ ಮೇಲೆ ಗೀರು ಬೀಳುವುದಿಲ್ಲ.

ಎರಡನೆಯ ಕಿಟ್‌ಗೂ ಇದೇ ದರ್ಜೆಯ ವಿಮಾನವನ್ನೇ ಆರಿಸಿ, ಅದಕ್ಕೆ ಹೊಸ ಕೆಲಸ ಒಂದನ್ನು ಮಾತ್ರ ಸೇರಿಸಿ: ಏರ್‌ಬ್ರಷ್, ಅಥವಾ ಫೋಟೋ ಎಚ್ ಬೆಲ್ಟು, ಅಥವಾ ಬಿಡಿಸಿಟ್ಟ ಎಂಜಿನ್. ರೆಸಿನ್ ಭಾಗ ಸೇರಿಸುವುದಾದರೆ ನೀರು ಹಾಕಿಯೇ ಉಜ್ಜಿ, ಧೂಳಿನ ಮಾಸ್ಕ್ ಹಾಕಿಕೊಳ್ಳಿ. ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಜೋಪಾನ ಮಾಡಿಟ್ಟ ಹಳೆಯ ಕಿಟ್‌ನ ಸರದಿ ಅದರ ಮುಂದಿನದು.